ಮಳೆಯ ಚಿತ್ರ ತೆಗೆದ ಬ್ರಯನ್ ಬ್ರೇಕ್



ನಮ್ಮ ಕನ್ನಡ ಶಾಲೆಯಲ್ಲಿ ನನಗಿರುವುದು ಎರಡೇ ಕೆಲಸ. ಶನಿವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಹಾಲ್‌ನ ಬೀಗ ತೆಗೆದು ಕುರ್ಚಿ ಜೋಡಿಸುವುದು ಒಂದು, ಕಾರ್ಯಕ್ರಮಗಳಲ್ಲಿ ಫೋಟೋ ತೆಗೆಯುವುದು ಇನ್ನೊಂದು. ಪಾಠ ಹೇಳುವಷ್ಟು ವ್ಯಾಕರಣ ನನಗೆ ಬರುವುದಿಲ್ಲ. ಈ ವರ್ಷದ ಸ್ಮರಣ ಸಂಚಿಕೆಗೆ ಮಕ್ಕಳಿಗೆ ಮಾದರಿಯಾಗುವ ಒಬ್ಬ ಹಿರಿಯರ ಬಗ್ಗೆ ಬರೆದುಕೊಡಿ ಎಂದು ಸಂಪಾದಕ ಬಳಗ ಕೇಳಿದಾಗ ಬೇರೆಯವರು ವಿಶ್ವೇಶ್ವರಯ್ಯನವರನ್ನೂ ಕುವೆಂಪು ಅವರನ್ನೂ ಆರಿಸಿಕೊಂಡರು. ನಾನು ಆರಿಸಿಕೊಂಡದ್ದು ಕನ್ನಡದ ಒಂದಕ್ಷರವೂ ಗೊತ್ತಿಲ್ಲದ, ಈ ದೇಶದಲ್ಲೇ ಹುಟ್ಟಿ ಬೆಳೆದ ಛಾಯಾಗ್ರಾಹಕ ಬ್ರಯನ್ ಬ್ರೇಕ್ ಅವರನ್ನು. ಕಾರಣ ಎರಡು. ಈ ವರ್ಷ ನಮ್ಮ ದೊಡ್ಡ ತರಗತಿಯ ಮಕ್ಕಳು ಫೋಟೋ ತೆಗೆಯುವುದನ್ನು ಕಲಿತದ್ದು ಅವರ ಬದುಕಿನ ದಾರಿ ಹಿಡಿದು. ಇನ್ನೊಂದು ಕಾರಣ, ಕಳೆದ ವರ್ಷ ನಾನು ಮಾಡಿದ ಒಂದು ತಪ್ಪು. ಅದನ್ನು ಮುಂದೆ ಹೇಳುತ್ತೇನೆ.

ನಾನು ಸಾಗರದ ಕಡೆಯವನು. ವೆಲಿಂಗ್ಟನ್‌ಗೆ ಬಂದದ್ದು 2010ರಲ್ಲಿ. ಊರಿನಲ್ಲಿ ಆಷಾಢದ ಮಳೆ ಹೊಯ್ಯುತ್ತಿದ್ದಾಗ ನಾನಿಲ್ಲಿ ದಕ್ಷಿಣದ ಗಾಳಿಗೆ ನಡುಗುತ್ತಿದ್ದೆ. ಇಲ್ಲಿಯೂ ಮಳೆ ಬರುತ್ತದೆ, ಆದರೆ ನಮ್ಮ ಮಳೆಯ ಹಾಗೆ ಹೇಳಿ ಕೇಳಿ ಬರುವುದಿಲ್ಲ, ಬಂದರೆ ಸಂಭ್ರಮವೂ ಇಲ್ಲ. ಆ ವರ್ಷದ ಕೊನೆಯಲ್ಲಿ ಟೆ ಪಾಪಾ ಮ್ಯೂಸಿಯಮ್ಮಿನಲ್ಲಿ ಒಂದು ದೊಡ್ಡ ಫೋಟೋ ಪ್ರದರ್ಶನ ನಡೆಯುತ್ತಿತ್ತು. ಒಳಗೆ ಹೋಗಿ ಒಂದು ಚಿತ್ರದ ಮುಂದೆ ನಿಂತುಬಿಟ್ಟೆ. ಕೆಂಪು ಸೀರೆಯ ಸೆರಗು ತಲೆಯ ಮೇಲೆ ಹೊದ್ದ ಹುಡುಗಿ, ಮುಚ್ಚಿದ ಕಣ್ಣು, ಮೇಲಕ್ಕೆತ್ತಿದ ಮುಖ, ಮುಖದ ತುಂಬ ಮಳೆಹನಿ. ಮೂಗಿನಲ್ಲಿ ಹಸಿರು ಹರಳಿನ ಮೂಗುಬೊಟ್ಟು. ನನ್ನ ಅಕ್ಕ ಮೊದಲ ಮಳೆಗೆ ಅಂಗಳಕ್ಕೆ ಓಡಿ ಹೀಗೇ ಮುಖವೊಡ್ಡಿ ನಿಲ್ಲುತ್ತಿದ್ದಳು. ತೆಗೆದವರು ಯಾರು ಎಂದು ಪಕ್ಕದ ಫಲಕ ಓದಿದೆ. ನಮ್ಮವರ ಹೆಸರಿರಬಹುದು ಎಂದುಕೊಂಡಿದ್ದೆ. ಇದ್ದದ್ದು ಬ್ರಯನ್ ಬ್ರೇಕ್, ಹುಟ್ಟಿದ್ದು ವೆಲಿಂಗ್ಟನ್, 1927.

ಅಂದಿನಿಂದ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದೆ. ಓದಿದಷ್ಟೂ ಒಂದು ವಿಷಯ ಸ್ಪಷ್ಟವಾಯಿತು. ಹುಟ್ಟಿನಿಂದಲೇ ಕಣ್ಣಿನ ವರ ಪಡೆದು ಬಂದ ಮನುಷ್ಯನ ಕಥೆಯಲ್ಲ ಇದು. ಒಂದೊಂದು ಕಡೆ ಒಂದೊಂದು ವಿದ್ಯೆ ಕಲಿತು, ಕಲಿತದ್ದನ್ನು ಕಟ್ಟಿಕೊಂಡು ಮುಂದಿನ ಊರಿಗೆ ಹೋದವನ ಕಥೆ. ಅದಕ್ಕೇ ಮಕ್ಕಳಿಗೆ ಹೇಳಲು ಅನುಕೂಲ.

ಬ್ರೇಕ್ ಹುಟ್ಟಿದ್ದು 1927ರ ಜೂನ್ 27ರಂದು. ಜಾನ್ ಮತ್ತು ಜೆನ್ನಿ ಬ್ರೇಕ್ ದಂಪತಿಗಳು ಅವರನ್ನು ದತ್ತು ತೆಗೆದುಕೊಂಡರು. ಬಾಲ್ಯ ಮೊದಲು ಕ್ಯಾಂಟರ್ಬರಿ ಬಯಲಿನ ಡಾಯ್ಲ್‌ಸ್ಟನ್ ಎಂಬ ಸಣ್ಣ ಊರಿನಲ್ಲಿ, ಆಮೇಲೆ ಸದರ್ನ್ ಆಲ್ಪ್ಸ್ ಬೆಟ್ಟಗಳ ನಡುವಿನ ಆರ್ಥರ್ಸ್ ಪಾಸ್‌ನಲ್ಲಿ. ತಂದೆ ಅಲ್ಲಿ ದಿನಸಿ ಅಂಗಡಿ ಇಟ್ಟಿದ್ದರು. ಕ್ರೈಸ್ಟ್‌ಚರ್ಚ್‌ನಿಂದ ಪಶ್ಚಿಮ ಕರಾವಳಿಗೆ ರೈಲಿನಲ್ಲಿ ಹೋದ ಪೋಷಕರಿಗೆ ಆ ಜಾಗ ಗೊತ್ತಿರುತ್ತದೆ. ಒಂದು ಕಡೆ ಹಿಮ, ಇನ್ನೊಂದು ಕಡೆ ಕಾಡು, ಎರಡರ ನಡುವೆ ಮಂಜು. ನಮ್ಮ ಆಗುಂಬೆಗೆ ಹಿಮ ಹೊದಿಸಿದ ಹಾಗೆ. ಕ್ಯಾಮೆರಾದ ಗೀಳು ಹತ್ತಿಸಿದ್ದು ಅವರ ಅತ್ತೆ ಇಸಬೆಲ್ ಬ್ರೇಕ್. ಕ್ರೈಸ್ಟ್‌ಚರ್ಚ್‌ನ ಫೋಟೋಗ್ರಾಫಿಕ್ ಸೊಸೈಟಿಯ ಹಳೆಯ ಸದಸ್ಯರಲ್ಲಿ ಆಕೆ ಒಬ್ಬರು. ಮನೆಯಲ್ಲಿ ಒಬ್ಬರು ಹಿರಿಯರಿಗೆ ಒಂದು ಹವ್ಯಾಸವಿದ್ದರೆ ಸಾಕು, ಅದು ಯಾವ ಮಗುವಿಗೆ ಅಂಟಿಕೊಳ್ಳುತ್ತದೆಂದು ಹೇಳಲಾಗದು.

1945ರಲ್ಲಿ ಹದಿನೆಂಟರ ಹರೆಯದ ಬ್ರೇಕ್ ವೆಲಿಂಗ್ಟನ್‌ಗೆ ಬಂದು ಸ್ಪೆನ್ಸರ್ ಡಿಗ್ಬಿ ಅವರ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದರು. ಡಿಗ್ಬಿ ಆಗಿನ ಕಾಲದ ಹೆಸರಾಂತ ಭಾವಚಿತ್ರಕಾರರು. ಸ್ಟುಡಿಯೋ ಕೆಲಸವೆಂದರೆ ದಿನವಿಡೀ ಮುಖ. ದೀಪವನ್ನು ಒಂದು ಗೇಣು ಈಚೆ ಸರಿಸಿದರೆ ಮೂಗಿನ ನೆರಳು ತುಟಿಗೆ ಬೀಳುತ್ತದೆ, ಒಂದು ಗೇಣು ಆಚೆ ಸರಿಸಿದರೆ ಕಣ್ಣಿನಲ್ಲಿ ಹೊಳಪು ಮೂಡುತ್ತದೆ. ಬೆಳಕು ಎಂದರೇನು ಎಂದು ಅವರು ಕಲಿತದ್ದು ಅಲ್ಲಿ, ಮೂರು ವರ್ಷ.

ನಮ್ಮ ಮಕ್ಕಳ ಮೊದಲ ಪಾಠವೂ ಇದೇ. ದೀಪವಿಲ್ಲ, ಸ್ಟ್ಯಾಂಡಿಲ್ಲ, ಕೈಯಲ್ಲಿರುವ ಫೋನಿನಲ್ಲೇ. ಹಾಲ್‌ನ ದಕ್ಷಿಣದ ಕಿಟಕಿಯ ಪಕ್ಕ ಒಂದು ಕುರ್ಚಿ ಹಾಕಿದೆ. ಊರಿನಲ್ಲಿ ಸೂರ್ಯ ಹೆಚ್ಚಿನ ದಿನ ನಡುಹಗಲಿನಲ್ಲಿ ದಕ್ಷಿಣಕ್ಕೆ ವಾಲುತ್ತಾನೆ, ಇಲ್ಲಿ ಉತ್ತರಕ್ಕೆ. ಹಾಗಾಗಿ ಇಲ್ಲಿ ದಕ್ಷಿಣದ ಕಿಟಕಿಯಿಂದ ಬರುವುದು ನೇರ ಬಿಸಿಲಲ್ಲ, ಮೆತ್ತನೆಯ ಬೆಳಕು. ಮುಖ ಕಿಟಕಿಯ ಕಡೆಗೆ ಅರ್ಧ ತಿರುಗಿರಲಿ, ಫ್ಲ್ಯಾಶ್ ಆರಿಸಿರಲಿ, ಪರದೆಯ ಮೇಲೆ ಹತ್ತಿರದ ಕಣ್ಣನ್ನು ಮುಟ್ಟಿ ಫೋಕಸ್ ಮಾಡಿ ಎಂದೆ. ಮಕ್ಕಳು ಒಬ್ಬರದೊಬ್ಬರು ತೆಗೆದರು. ಅದುವರೆಗೆ ಅವರು ಕಿಟಕಿಗೆ ಬೆನ್ನು ಮಾಡಿಸಿ ನಿಲ್ಲಿಸಿ, ಮುಖ ಕಪ್ಪಾಯಿತೆಂದು ಫೋನನ್ನು ಬೈಯುತ್ತಿದ್ದರು. ತೆಗೆದ ಪ್ರತಿ ಚಿತ್ರದ ಕೆಳಗೆ ಕನ್ನಡದಲ್ಲಿ ಮೂರು ವಾಕ್ಯ ಬರೆಯಬೇಕು ಎಂಬುದು ಶಿಕ್ಷಕಿಯರ ಶರತ್ತು. ಬೆಳಕು, ನೆರಳು, ಕೆನ್ನೆ, ಹುಬ್ಬು, ರೆಪ್ಪೆ ಎಂಬ ಪದಗಳು ಆ ಒಂದು ಗಂಟೆಯಲ್ಲಿ ಬಂದು ಕೂತವು.

1948ರಲ್ಲಿ ಬ್ರೇಕ್ ಸರ್ಕಾರದ ನ್ಯಾಷನಲ್ ಫಿಲ್ಮ್ ಯೂನಿಟ್ ಸೇರಿದರು. ನಿಂತ ಮುಖಗಳ ಸ್ಟುಡಿಯೋದಿಂದ ಓಡುವ ಚಿತ್ರಕ್ಕೆ. ಅಲ್ಲಿ ಹದಿನೇಳು ಚಿತ್ರಗಳಲ್ಲಿ ದುಡಿದರು, ಹೆಚ್ಚಾಗಿ ಕ್ಯಾಮೆರಾಮನ್ ಆಗಿ, ಕೆಲವೊಮ್ಮೆ ನಿರ್ದೇಶಕರಾಗಿ. ದಕ್ಷಿಣ ದ್ವೀಪದ ಹಿಮಶಿಖರಗಳ ಮೇಲೆ ಅವರು ಮಾಡಿದ ಸ್ನೋಸ್ ಆಫ್ ಅವೊರಂಗಿ ಎಂಬ ಕಿರುಚಿತ್ರ ಮುಂದೆ ಆಸ್ಕರ್ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿತು. ನ್ಯೂಜಿಲೆಂಡಿನ ಚಿತ್ರವೊಂದಕ್ಕೆ ಆ ಗೌರವ ಸಿಕ್ಕಿದ್ದು ಅದೇ ಮೊದಲು.

ಹಿಮದ ಚಿತ್ರ ತೆಗೆಯುವುದು ಸುಲಭವಲ್ಲ. ಕ್ಯಾಮೆರಾದ ಬೆಳಕಿನ ಮಾಪಕ ತಾನು ನೋಡುವುದನ್ನೆಲ್ಲ ನಡುವಣ ಬೂದುಬಣ್ಣವೆಂದೇ ಲೆಕ್ಕ ಹಾಕುತ್ತದೆ. ಬಿಳಿಯ ಹಿಮ ತೋರಿಸಿದರೆ ಬೆಳಕು ಜಾಸ್ತಿಯಾಯಿತೆಂದು ಕಡಿಮೆ ಮಾಡಿ, ಹಿಮವನ್ನು ಬೂದಿಯಂತೆ ಮಾಡಿಬಿಡುತ್ತದೆ. ತಿಳಿದವರು ಆಗ ಒಂದೋ ಎರಡೋ ಸ್ಟಾಪ್ ಬೆಳಕು ಹೆಚ್ಚು ಕೊಡುತ್ತಾರೆ. ಮಕ್ಕಳಿಗೆ ಇದನ್ನು ಹೇಳಲು ಹಿಮಕ್ಕೆ ಹೋಗಬೇಕಾಗಲಿಲ್ಲ, ಒಂದು ಬಿಳಿ ಪಂಚೆ ಸಾಕಾಯಿತು. ರಾಜ್ಯೋತ್ಸವದ ದಿನ ಪಂಚೆ ಜುಬ್ಬ ತೊಟ್ಟ ನಮ್ಮ ಗಂಡಸರೆಲ್ಲ ಫೋಟೋಗಳಲ್ಲಿ ಒಗೆಯದ ಬಟ್ಟೆ ತೊಟ್ಟವರಂತೆ ಏಕೆ ಕಾಣುತ್ತಾರೆ ಎಂಬ ಒಗಟು ಅಂದು ಬಿಡಿಸಿತು. ಫೋನಿನ ಪರದೆಯನ್ನು ಮುಟ್ಟಿ, ಸೂರ್ಯನ ಗುರುತನ್ನು ಸ್ವಲ್ಪ ಮೇಲಕ್ಕೆ ಜಾರಿಸಿದರೆ ಪಂಚೆ ಬೆಳ್ಳಗಾಗುತ್ತದೆ. ಕಪ್ಪು ಪರದೆಯ ಮುಂದೆ ಭರತನಾಟ್ಯ ನಡೆಯುತ್ತಿದ್ದರೆ ಇದಕ್ಕೆ ತಿರುಗುಮುರುಗು, ಕೆಳಕ್ಕೆ ಜಾರಿಸಬೇಕು.

ಸಿನಿಮಾದಿಂದ ಬ್ರೇಕ್ ಕಲಿತ ಇನ್ನೊಂದು ವಿದ್ಯೆ ಸಾಲುಚಿತ್ರ. ಒಂದೇ ಚಿತ್ರ ಎಲ್ಲವನ್ನೂ ಹೇಳಬೇಕಿಲ್ಲ. ದೂರದಿಂದ ಒಂದು, ನಡುವಿನಿಂದ ಒಂದು, ಹತ್ತಿರದಿಂದ ಒಂದು ಸೇರಿದರೆ ಕಥೆಯಾಗುತ್ತದೆ. ಐದು ಚಿತ್ರಗಳಲ್ಲಿ ದೋಸೆ ಎಂದು ಮನೆಗೆಲಸ ಕೊಟ್ಟೆವು. ಒಬ್ಬಳು ಹುಡುಗಿ ಹಿಟ್ಟು, ಕಾವಲಿ, ಸೌಟು, ಅಜ್ಜಿಯ ಕೈ, ಕೊನೆಗೆ ಖಾಲಿ ತಟ್ಟೆ ತೆಗೆದು ತಂದಳು. ದೋಸೆ ಮಾತ್ರ ಒಂದರಲ್ಲೂ ಇರಲಿಲ್ಲ. ಎಲ್ಲರಿಗೂ ಹಸಿವಾಯಿತು.

1954ರಲ್ಲಿ ಬ್ರೇಕ್ ಲಂಡನ್‌ಗೆ ಹೊರಟರು. ಮುಂದಿನ ವರ್ಷ ಅರ್ನ್‌ಸ್ಟ್ ಹಾಸ್ ಮತ್ತು ಕಾರ್ತಿಯೇ ಬ್ರೆಸೋನ್ ಎಂಬ ಇಬ್ಬರು ದೊಡ್ಡ ಛಾಯಾಗ್ರಾಹಕರ ಪರಿಚಯವಾಯಿತು. ಮ್ಯಾಗ್ನಮ್ ಎಂಬುದು ಛಾಯಾಗ್ರಾಹಕರೇ ಕಟ್ಟಿಕೊಂಡ ಸಹಕಾರಿ ಸಂಸ್ಥೆ. ಲೋಕದ ಆಯ್ದ ಕೆಲವರಿಗೆ ಮಾತ್ರ ಅದರಲ್ಲಿ ಜಾಗ. ನ್ಯೂಜಿಲೆಂಡಿನ ಈ ಯುವಕ 1957ರಲ್ಲಿ ಅದರ ಪೂರ್ಣ ಸದಸ್ಯರಾಗಿ 1967ರವರೆಗೆ ಇದ್ದರು.

ಸ್ಟುಡಿಯೋದಲ್ಲಿ ಬೆಳಕು ನಮ್ಮ ಮಾತು ಕೇಳುತ್ತದೆ, ಬೀದಿಯಲ್ಲಿ ನಾವು ಅದರ ಮಾತು ಕೇಳಬೇಕು. ಬ್ರೇಕ್ ಈಗ ಕಲಿಯಬೇಕಾದದ್ದು ಕಾಯುವುದನ್ನು. 1955ರಲ್ಲಿ ದಕ್ಷಿಣ ಫ್ರಾನ್ಸಿನ ವಲ್ಲೋರಿಸ್ ಎಂಬಲ್ಲಿ ಗೂಳಿ ಕಾಳಗ ನಡೆಯಿತು. ಪ್ರೇಕ್ಷಕರ ಸಾಲಿನಲ್ಲಿ ಚಿತ್ರಕಾರ ಪಿಕಾಸೊ ಮಕ್ಕಳೊಂದಿಗೆ ಕೂತಿದ್ದರು. ಬ್ರೇಕ್ ಕ್ಯಾಮೆರಾ ತಿರುಗಿಸಿದ್ದು ಗೂಳಿಯ ಕಡೆಗಲ್ಲ, ಗೂಳಿಯನ್ನು ನೋಡುತ್ತಿದ್ದ ಪಿಕಾಸೊ ಕಡೆಗೆ. ಆ ಚಿತ್ರಗಳು ಅವರಿಗೆ ಹೆಸರು ತಂದವು. ಆಮೇಲೆ ಸೋವಿಯತ್ ದೇಶ, 1957 ಮತ್ತು 1959ರಲ್ಲಿ ಚೀನಾ. ಹೊರಗಿನವರಿಗೆ ಬಾಗಿಲು ತೆರೆಯದಿದ್ದ ಕಾಲದಲ್ಲಿ ಚೀನಾ ಗಣರಾಜ್ಯದ ಹತ್ತನೇ ವರ್ಷದ ಉತ್ಸವವನ್ನು ಚಿತ್ರೀಕರಿಸಿ ಬಂದರು.

ಈ ಪಾಠವನ್ನು ನಾವು ಯುಗಾದಿ ಕಾರ್ಯಕ್ರಮದಲ್ಲಿ ಮಾಡಿದೆವು. ವೇದಿಕೆಯ ಚಿತ್ರ ಒಂದೂ ತೆಗೆಯಬಾರದು, ನೋಡುವವರ ಚಿತ್ರ ಮಾತ್ರ ಎಂಬ ನಿಯಮ. ಮೊದಲು ಒಳ್ಳೆಯ ಹಿನ್ನೆಲೆ ಹುಡುಕಿ ನಿಲ್ಲುವುದು, ಆಮೇಲೆ ಮುಖ ಬರುವವರೆಗೆ ಕಾಯುವುದು, ತೆಗೆದ ಮೇಲೆ ಹೋಗಿ ತೋರಿಸಿ ಒಪ್ಪಿಗೆ ಕೇಳುವುದು. ಪೋಷಕರೇ, ಆ ಚಿತ್ರಗಳನ್ನು ಈಗ ಒಟ್ಟಿಗೆ ನೋಡಿದರೆ ನನಗೂ ನಿಮಗೂ ಸ್ವಲ್ಪ ನಾಚಿಕೆಯಾಗುತ್ತದೆ. ಮೂವತ್ತು ಚಿತ್ರಗಳಲ್ಲಿ ಇಪ್ಪತ್ತರಲ್ಲಿ ಅಪ್ಪ ಅಮ್ಮಂದಿರ ಮುಖವೇ ಇಲ್ಲ, ಮುಖದ ಜಾಗದಲ್ಲಿ ಎತ್ತಿ ಹಿಡಿದ ಫೋನು. ವೇದಿಕೆಯ ಮೇಲಿಂದ ಮಗು ನೋಡಿದಾಗ ಅದಕ್ಕೂ ಹಾಗೇ ಕಾಣುತ್ತಿರಬೇಕು.

ಈಗ ಮಳೆಯ ಕಥೆಗೆ ಬರುತ್ತೇನೆ. 1960ರಲ್ಲಿ ಬ್ರೇಕ್ ಭಾರತಕ್ಕೆ ಬಂದರು. ತಿಂಗಳುಗಟ್ಟಲೆ ಮುಂಗಾರಿನ ಬೆನ್ನು ಹತ್ತಿದರು. ಬಿರಿದ ನೆಲ, ಕಾಯುವ ಜನ, ಮೊದಲ ಹನಿ, ಉಕ್ಕುವ ನೀರು, ಹಸಿರು ಹೀಗೆ ಒಂದು ಋತುವಿನ ಕಥೆಯನ್ನೇ ಬಣ್ಣದ ಸಾಲುಚಿತ್ರವಾಗಿ ಹೇಳುವ ಯೋಜನೆ ಅವರದು. ಅಂದಿನ ಬಣ್ಣದ ಫಿಲ್ಮಿಗೆ ಬೆಳಕು ತುಂಬ ಬೇಕು, ಮಳೆಗಾಲದಲ್ಲಿ ಇಲ್ಲದಿರುವುದೂ ಅದೇ. ಒಂದು ರೋಲಿಗೆ ಮೂವತ್ತಾರು ಚಿತ್ರ, ಸರಿ ಬಂತೋ ಇಲ್ಲವೋ ಎಂದು ಆ ಕ್ಷಣ ನೋಡುವ ಹಾಗಿಲ್ಲ. ಮುಖದ ಬೆಳಕನ್ನು ಡಿಗ್ಬಿ ಸ್ಟುಡಿಯೋದಲ್ಲಿ, ಕಥೆಯ ಸಾಲನ್ನು ಸಿನಿಮಾದಲ್ಲಿ, ಕಾಯುವುದನ್ನು ಬೀದಿಯಲ್ಲಿ ಕಲಿತಿದ್ದವರಿಗೆ ಎಲ್ಲವೂ ಒಟ್ಟಿಗೆ ಕೆಲಸಕ್ಕೆ ಬಂತು. 1961ರಲ್ಲಿ ಅಮೆರಿಕದ ಲೈಫ್ ಪತ್ರಿಕೆಯಲ್ಲಿ ಮಾನ್ಸೂನ್ ಮಾಲಿಕೆ ಅಚ್ಚಾಯಿತು, ಯುರೋಪಿನ ದೊಡ್ಡ ಪತ್ರಿಕೆಗಳಲ್ಲೂ ಬಂತು. ಬ್ರೇಕ್ ಲೋಕಪ್ರಸಿದ್ಧರಾದರು.

ಆ ಕೆಂಪು ಸೀರೆಯ ಹುಡುಗಿ ಯಾರು ಗೊತ್ತೇ? ಮುಂದೆ ಬಂಗಾಳಿ ಚಿತ್ರರಂಗದ ದೊಡ್ಡ ನಟಿಯೂ ನಿರ್ದೇಶಕಿಯೂ ಆದ ಅಪರ್ಣಾ ಸೇನ್. ಆಗ ಹದಿನಾಲ್ಕು ಹದಿನೈದರ ಬಾಲೆ, ಕಲ್ಕತ್ತೆಯ ಶಿಕ್ಷಿತ ಮನೆತನದ ಹುಡುಗಿ, ಹಳ್ಳಿಯವಳಲ್ಲ. ಅಂದು ಮಳೆಯೂ ಬರುತ್ತಿರಲಿಲ್ಲ. ಮನೆಯ ತಾರಸಿಯ ಮೇಲೆ ನಿಲ್ಲಿಸಿ, ಹಳ್ಳಿಯ ಹೆಣ್ಣಿನಂತೆ ಸೀರೆ ಉಡಿಸಿ, ಗಿಡಕ್ಕೆ ನೀರು ಹನಿಸುವ ದೊಡ್ಡ ಕ್ಯಾನಿನಿಂದ ಮೇಲಿನಿಂದ ನೀರು ಸುರಿಸಲಾಯಿತು. ಅವಳ ಮೂಗು ಚುಚ್ಚಿರಲಿಲ್ಲ. ಹಸಿರು ಹರಳನ್ನು ಅಂಟು ಹಾಕಿ ಅಂಟಿಸಿದ್ದು. ಸೀರೆಗೆ ಹೊಂದುವ ಕೆಂಪು ಹರಳು ಇಡೋಣವೆಂದು ಹುಡುಗಿ ಸೂಚಿಸಿದರೂ ಬ್ರೇಕ್ ಒಪ್ಪದೆ ಹಸಿರೇ ಆಗಬೇಕೆಂದರಂತೆ. ಸುಮಾರು ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಇದನ್ನೆಲ್ಲ ಆಕೆಯೇ ಎಷ್ಟೋ ವರ್ಷಗಳ ನಂತರ ನೆನಪಿಸಿಕೊಂಡಿದ್ದಾರೆ.

ಇದನ್ನು ಓದಿದ ದಿನ ನನಗೆ ಮೋಸ ಹೋದಂತಾಯಿತು. ನಾನು ಅಕ್ಕನನ್ನು ಕಂಡ ಚಿತ್ರದಲ್ಲಿ ಮಳೆಯೇ ಇರಲಿಲ್ಲ. ತರಗತಿಯಲ್ಲಿ ಹೇಳಿದಾಗ ಮಕ್ಕಳಲ್ಲೂ ಎರಡು ಪಂಗಡವಾಯಿತು. ಇದು ಸುಳ್ಳು ಎಂದರು ಕೆಲವರು. ಯಕ್ಷಗಾನದಲ್ಲಿ ಅರ್ಜುನನ ವೇಷ ಹಾಕಿದವರು ಅರ್ಜುನ ಅಲ್ಲವಲ್ಲ ಅಂಕಲ್, ಅದು ಸುಳ್ಳಾ ಎಂದು ಒಬ್ಬಳು ಕೇಳಿದಳು. ಆದರೆ ಯಕ್ಷಗಾನಕ್ಕೆ ಹೋದವರಿಗೆ ಅದು ವೇಷ ಎಂದು ಗೊತ್ತಿರುತ್ತದೆ, ಪತ್ರಿಕೆ ಓದಿದವರಿಗೆ ಗೊತ್ತಿರಲಿಲ್ಲ ಎಂದು ಇನ್ನೊಬ್ಬ ಉತ್ತರ ಕೊಟ್ಟ. ಹನ್ನೆರಡು ವರ್ಷದ ಮಕ್ಕಳು ಕನ್ನಡದಲ್ಲಿ ಇಷ್ಟು ಹೊತ್ತು ವಾದ ಮಾಡಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ.

ನಾನು ಸುಮ್ಮನಿದ್ದೆ. ಏಕೆಂದರೆ ಹಿಂದಿನ ವರ್ಷ ನಾನೂ ಒಂದು ಕ್ಯಾನ್ ನೀರು ಸುರಿದಿದ್ದೆ.

ನಮ್ಮ ಶಾಲೆಯ ಪ್ರಚಾರ ಚಿತ್ರಕ್ಕೆ ಒಂದು ಫೋಟೋ ಬೇಕಿತ್ತು. ಮುದ್ದು ಮುಖದ ಒಬ್ಬ ಹುಡುಗನನ್ನು ಕಿಟಕಿಯ ಬಳಿ ಕೂರಿಸಿ, ಕೈಯಲ್ಲಿ ಒಂದು ದಪ್ಪ ಕನ್ನಡ ಕಾದಂಬರಿ ಕೊಟ್ಟೆ. ಬೆಳಕು ಚೆನ್ನಾಗಿತ್ತು, ಚಿತ್ರವೂ ಬಹಳ ಚೆನ್ನಾಗಿ ಬಂತು. ಎಲ್ಲರೂ ಹೊಗಳಿದರು. ಆದರೆ ಆ ಹುಡುಗ ಆಗಿನ್ನೂ ಒತ್ತಕ್ಷರಗಳೊಂದಿಗೆ ಗುದ್ದಾಡುತ್ತಿದ್ದ. ಚಿತ್ರ ನೋಡಿದ ಹಿರಿಯರು ಒಂದು ಹಬ್ಬದ ಊಟದಲ್ಲಿ ಅವನನ್ನು ಮುಂದೆ ಕರೆದು, ಇಷ್ಟು ದೊಡ್ಡ ಪುಸ್ತಕ ಓದುವವನು ನೀನಲ್ಲವೇ, ಒಂದು ಪುಟ ಓದಪ್ಪ ಎಂದು ಪ್ರೀತಿಯಿಂದಲೇ ಕೇಳಿದರು. ಅವನು ಎರಡನೇ ಸಾಲಿಗೆ ನಿಂತ. ಮೂರು ಶನಿವಾರ ಶಾಲೆಗೆ ಬರಲಿಲ್ಲ. ನಾಲ್ಕನೆಯ ಶನಿವಾರ ಅವನ ಅಮ್ಮ ಕರೆದುಕೊಂಡು ಬಂದರು, ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತು.

ಬ್ರೇಕ್ ಮಾಡಿದ್ದಕ್ಕೂ ನಾನು ಮಾಡಿದ್ದಕ್ಕೂ ಏನು ವ್ಯತ್ಯಾಸ ಎಂದು ಬಹಳ ದಿನ ಯೋಚಿಸಿದೆ. ಬ್ರೇಕ್ ತಿಂಗಳುಗಟ್ಟಲೆ ನಿಜವಾದ ಮಳೆಯಲ್ಲಿ ತೊಯ್ದು, ಅದು ಜನರ ಮುಖದ ಮೇಲೆ ಏನು ಮಾಡುತ್ತದೆಂದು ನೋಡಿದ್ದರು. ಕಂಡಿದ್ದ ಒಂದು ನಿಜವನ್ನು ತಾರಸಿಯ ಮೇಲೆ ಮತ್ತೆ ಕಟ್ಟಿದರು. ಪತ್ರಿಕೆಯ ಓದುಗರಿಗೆ ಅದನ್ನು ಹೇಳಬೇಕಿತ್ತೇ ಎಂಬ ಪ್ರಶ್ನೆ ಉಳಿದೇ ಇದೆ, ಆ ಹುಡುಗ ಹೇಳಿದ್ದು ಸರಿ. ಆದರೆ ಅಪರ್ಣಾ ಅವರಿಗೆ ತಾನು ಪಾತ್ರ ಮಾಡುತ್ತಿದ್ದೇನೆಂದು ಗೊತ್ತಿತ್ತು. ನಾನು ಕಂಡದ್ದು ಏನನ್ನೂ ಕಟ್ಟಲಿಲ್ಲ. ಇಲ್ಲದ ಒಂದನ್ನು ಒಬ್ಬ ಮಗುವಿನ ಹೆಸರಿನಲ್ಲಿ ಹೇಳಿ, ಅದನ್ನು ಹೊರುವ ಭಾರವನ್ನು ಅವನ ಮೇಲೆ ಬಿಟ್ಟೆ. ತರಗತಿಯಲ್ಲಿ ಅಂದು ಇದನ್ನೆಲ್ಲ ಹೇಳಿ, ಎಲ್ಲರ ಎದುರಿಗೆ ಆ ಹುಡುಗನ ಕ್ಷಮೆ ಕೇಳಿದೆ. ಅವನು ಬೂಟಿನ ತುದಿ ನೋಡುತ್ತಾ ಪರವಾಗಿಲ್ಲ ಎಂದ. ಈ ಲೇಖನದಲ್ಲಿ ಬರೆಯಲು ಅವನೂ ಅವನ ಮನೆಯವರೂ ಒಪ್ಪಿದ್ದಾರೆ, ಹೆಸರು ಬೇಡವೆಂದಿದ್ದಾರೆ.

ಬ್ರೇಕ್ ಅವರ ಮುಂದಿನ ದಾರಿ ಬೇಗ ಹೇಳುತ್ತೇನೆ. 1962ರಿಂದ ಅವರ ನೆಲೆ ಹಾಂಗ್‌ಕಾಂಗ್. 1963ರಲ್ಲಿ ಲೇಖಕ ಮಾರಿಸ್ ಶಾಡ್‌ಬೋಲ್ಟ್ ಅವರೊಂದಿಗೆ ನ್ಯೂಜಿಲೆಂಡ್ ಗಿಫ್ಟ್ ಆಫ್ ದ ಸೀ ಎಂಬ ಚಿತ್ರಪುಸ್ತಕ ಬಂತು. ಈ ದೇಶದ ಎಷ್ಟೋ ಮನೆಗಳ ಕಪಾಟಿನಲ್ಲಿ ಇಂದಿಗೂ ಅದು ಸಿಗುತ್ತದೆ, ಹಳೆಯ ಪುಸ್ತಕದಂಗಡಿಗಳಲ್ಲಂತೂ ಖಂಡಿತ. 1970ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಜೋಡಿಯಾಕ್ ಫಿಲ್ಮ್ಸ್ ಎಂಬ ಸಂಸ್ಥೆ ಕಟ್ಟಿ ಇಂಡೋನೇಷ್ಯದ ಬಗ್ಗೆ ಸಾಕ್ಷ್ಯಚಿತ್ರಗಳನ್ನು ಮಾಡಿದರು. 1976ರಲ್ಲಿ ನ್ಯೂಜಿಲೆಂಡಿಗೆ ಮರಳಿ ಆಕ್ಲೆಂಡಿನ ಕಾಡಿನಂಚಿನ ಟಿಟಿರಂಗಿಯಲ್ಲಿ ವಾಸ್ತುಶಿಲ್ಪಿ ರಾನ್ ಸ್ಯಾಂಗ್ ವಿನ್ಯಾಸ ಮಾಡಿದ ಮನೆಯಲ್ಲಿ ನೆಲೆಸಿದರು.

ಐವತ್ತರ ಹೊಸ್ತಿಲಲ್ಲಿ ಅವರು ಮತ್ತೊಂದು ವಿದ್ಯೆಯಲ್ಲಿ ಪಳಗಿದ್ದರು, ವಸ್ತುಗಳ ಚಿತ್ರ. ಪೆಸಿಫಿಕ್ ದ್ವೀಪಗಳ ಶಿಲ್ಪ, ಮರದ ಕೆತ್ತನೆ, ಮಾವೊರಿಗಳ ಹಸಿರುಕಲ್ಲಿನ ಒಡವೆ ಇವುಗಳನ್ನು ಮನುಷ್ಯರ ಮುಖದಷ್ಟೇ ಶ್ರದ್ಧೆಯಿಂದ ಚಿತ್ರೀಕರಿಸಿದರು. 1979ರ ಆರ್ಟ್ ಆಫ್ ದ ಪೆಸಿಫಿಕ್ ಪುಸ್ತಕ ಆ ಕೆಲಸದ ಫಲ. ಕಲ್ಲಿಗೆ ಎದುರಿನಿಂದ ಬೆಳಕು ಬಿಟ್ಟರೆ ಕೆತ್ತನೆ ಚಪ್ಪಟೆಯಾಗುತ್ತದೆ, ಪಕ್ಕದಿಂದ ಬಿಟ್ಟರೆ ಪ್ರತಿ ಗೆರೆಯೂ ಎದ್ದು ನಿಲ್ಲುತ್ತದೆ. ಹೊಯ್ಸಳರ ಗುಡಿಗಳನ್ನು ನಡುಮಧ್ಯಾಹ್ನ ನೋಡಿ ನಿರಾಶರಾದವರು ಬೆಳಗಿನ ಏಳು ಗಂಟೆಗೆ ಹೋಗಿ ನೋಡಬೇಕು, ಅದೇ ಕಾರಣ.

ನಮ್ಮ ಕೊನೆಯ ಪಾಠಕ್ಕೆ ಮಕ್ಕಳು ಮನೆಯಿಂದ ಒಂದೊಂದು ವಸ್ತು ತಂದರು. ಕುಂಕುಮದ ಭರಣಿ, ತಾಮ್ರದ ತಂಬಿಗೆ, ಅಡಕತ್ತರಿ, ಚನ್ನಪಟ್ಟಣದ ಗೊಂಬೆ, ಒಬ್ಬರ ಮುತ್ತಜ್ಜನ ಕನ್ನಡಕ. ಕಪ್ಪು ಬಟ್ಟೆ ಹಾಸಿ, ಟಾರ್ಚನ್ನು ಪಕ್ಕದಲ್ಲಿ ಹಿಡಿದು, ಹಿತ್ತಾಳೆ ತಾಮ್ರ ಕಣ್ಣು ಕುಕ್ಕಿದರೆ ಟಾರ್ಚಿನ ಮುಂದೆ ಬಿಳಿ ಹಾಳೆ ಹಿಡಿದು ತೆಗೆದೆವು. ವಸ್ತುವಿನ ಕಥೆಯನ್ನು ಅಜ್ಜಿ ತಾತಂದಿರಿಗೆ ಫೋನ್ ಮಾಡಿ ಕೇಳಿಯೇ ಬರೆಯಬೇಕಿತ್ತು. ಮಾವೊರಿಗಳು ಇಂಥ ವಸ್ತುಗಳನ್ನು ತಾಒಂಗ ಎನ್ನುತ್ತಾರೆ, ಹಿರಿಯರಿಂದ ಬಂದ ನಿಧಿ, ಅದಕ್ಕೂ ಒಂದು ಮರ್ಯಾದೆ ಇದೆ ಎಂದು ನಮ್ಮ ಶಿಕ್ಷಕಿ ವಿವರಿಸಿದರು. ಅಡಕತ್ತರಿಯನ್ನು ಆಟದ ಸಾಮಾನಿನಂತೆ ಹಿಡಿದಿದ್ದ ಹುಡುಗ ಅದನ್ನು ಎರಡೂ ಕೈಯಲ್ಲಿ ಕೆಳಗಿಟ್ಟ.

ಬ್ರೇಕ್ ಅವರಿಗೆ 1981ರಲ್ಲಿ ಓಬಿಇ ಗೌರವ ಸಂದಿತು. 1985ರಲ್ಲಿ ನ್ಯೂಜಿಲೆಂಡ್ ಛಾಯಾಗ್ರಹಣ ಕೇಂದ್ರ ಹುಟ್ಟುಹಾಕಲು ನೆರವಾದರು. ಅವರ ಚಿತ್ರಗಳು ಅತಿ ಸುಂದರ, ಬದುಕಿನ ಒರಟು ಮುಖ ಅವುಗಳಲ್ಲಿ ಕಡಿಮೆ ಎಂದು ಟೀಕಿಸಿದವರೂ ಇದ್ದಾರೆ. ಅದರಲ್ಲಿ ನಿಜವಿಲ್ಲದಿಲ್ಲ. ನಮ್ಮ ಮೈಸೂರಿನ ಟಿ. ಎಸ್. ಸತ್ಯನ್ ಅವರ ಕಪ್ಪು ಬಿಳುಪು ಚಿತ್ರಗಳ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಸತ್ಯನ್ ಸಾಮಾನ್ಯ ಜನರ ಪಕ್ಕದಲ್ಲಿ ಕೂತು ತೆಗೆದಂತಿದೆ, ಬ್ರೇಕ್ ಒಂದು ಹೆಜ್ಜೆ ಹಿಂದೆ ನಿಂತು ಬಣ್ಣ ಹೊಂದಿಸಿ ತೆಗೆದಂತಿದೆ. ಮಕ್ಕಳಿಗೆ ಇಬ್ಬರನ್ನೂ ತೋರಿಸಿ.

1988ರ ಆಗಸ್ಟ್ 4ರಂದು, ಅರವತ್ತೊಂದರ ವಯಸ್ಸಿನಲ್ಲಿ, ಟಿಟಿರಂಗಿಯಲ್ಲಿ ಬ್ರೇಕ್ ತೀರಿಕೊಂಡರು. ಅವರ ಜೀವನಸಂಗಾತಿ ರೇಮಂಡ್ ಲೌ ಆ ಅಪಾರ ಚಿತ್ರರಾಶಿಯನ್ನು ಕಾಪಾಡಿ 2001ರಲ್ಲಿ ಟೆ ಪಾಪಾ ಮ್ಯೂಸಿಯಮ್ಮಿಗೆ ದಾನವಾಗಿ ಕೊಟ್ಟರು. ಒಂಬತ್ತು ವರ್ಷದ ನಂತರ ಊರು ಬಿಟ್ಟು ಬಂದ ಸಾಗರದವನೊಬ್ಬನಿಗೆ ಅಲ್ಲಿ ಮಳೆ ಸಿಕ್ಕಿದ್ದು ಹೀಗೆ. ತೆಗೆದವರು ಒಬ್ಬರು, ಕಾಪಾಡಿದವರು ಇನ್ನೊಬ್ಬರು. ನಮ್ಮ ಫೋನುಗಳಲ್ಲಿರುವ ಸಾವಿರಾರು ಚಿತ್ರಗಳಿಗೆ ಆ ಎರಡನೆಯವರು ಯಾರು? ಈ ರಜೆಯಲ್ಲಿ ಮಕ್ಕಳ ಜೊತೆ ಕೂತು ವರ್ಷಕ್ಕೆ ಇಪ್ಪತ್ತು ಚಿತ್ರ ಆರಿಸಿ, ಅಚ್ಚು ಹಾಕಿಸಿ, ಹಿಂದೆ ಹೆಸರು, ಊರು, ದಿನಾಂಕ ಕನ್ನಡದಲ್ಲಿ ಬರೆಸಿ ಎಂದು ಕೇಳಿಕೊಳ್ಳುತ್ತೇನೆ. ಅಜ್ಜಿಗೆ ಗೊತ್ತಿರುವ ಹೆಸರುಗಳು ಅಜ್ಜಿ ಇರುವಾಗಲೇ ಬರೆಯುವಂಥವು.

ಈ ಸಂಚಿಕೆಯಲ್ಲಿ ಮಕ್ಕಳೇ ತೆಗೆದ ಚಿತ್ರಗಳಿವೆ. ಅವುಗಳ ನಡುವೆ ಒಂದು ಚಿತ್ರ ನೀವು ಗಮನಿಸದೆ ಪುಟ ತಿರುಗಿಸಬಹುದು. ಬೆಳಕು ಅಷ್ಟೇನೂ ಚೆನ್ನಾಗಿಲ್ಲ, ಟ್ಯೂಬ್‌ಲೈಟಿನ ಹಳದಿ ಹಸಿರು ಛಾಯೆ. ಒಬ್ಬ ಹುಡುಗ ಬೆರಳನ್ನು ಸಾಲಿನ ಕೆಳಗಿಟ್ಟುಕೊಂಡು, ಹುಬ್ಬು ಗಂಟಿಕ್ಕಿ, ತೆಳ್ಳನೆಯ ಒಂದು ಮಕ್ಕಳ ಕಥೆ ಪುಸ್ತಕ ಓದುತ್ತಿದ್ದಾನೆ. ತೆಗೆದದ್ದು ಅವನ ಗೆಳತಿ, ಅವನಿಗೆ ತೋರಿಸಿ ಒಪ್ಪಿಗೆ ಕೇಳಿ ಕೊಟ್ಟದ್ದು. ಆ ದಿನ ಅವನು ಪುಸ್ತಕವನ್ನು ಕೊನೆಯವರೆಗೂ ಓದಿದ. ಈ ವರ್ಷ ಪದವಿ ಪಡೆಯುತ್ತಿರುವವರ ಸಾಲಿನಲ್ಲಿ ಅವನೂ ಇದ್ದಾನೆ. ಕಳೆದ ವರ್ಷದ ನನ್ನ ಸುಂದರ ಚಿತ್ರವನ್ನು ನಾನು ಅಳಿಸಿದ್ದೇನೆ.

ಪದವಿ ಪಡೆಯುತ್ತಿರುವ ಎಲ್ಲ ಮಕ್ಕಳಿಗೂ ಶುಭವಾಗಲಿ. ಸಮಾರಂಭದ ದಿನ ಫೋಟೋ ತೆಗೆಯಲು ನಾನೂ ದೊಡ್ಡ ತರಗತಿಯ ಇಬ್ಬರು ಮಕ್ಕಳೂ ಇರುತ್ತೇವೆ, ಚಿತ್ರಗಳು ಎಲ್ಲರಿಗೂ ಸಿಗುತ್ತವೆ. ದಯವಿಟ್ಟು ನೀವು ಫೋನು ಕೆಳಗಿಟ್ಟು ಕೂತಿರಿ. ವೇದಿಕೆಯಿಂದ ಮಗು ನಿಮ್ಮ ಕಡೆ ನೋಡಿದಾಗ ನಿಮ್ಮ ಮುಖ ಕಾಣಲಿ.